ಹನ್ನೊಂದನೆಯ ದಿನದ ಜ್ವರ

ಗಂಗಾವತಿ ತಾಲ್ಲೂಕಿನ ಕಾಲುವೆ ಬದಿಯ ಏಳೆಂಟು ಊರುಗಳಲ್ಲಿ ಪಶು ಆಸ್ಪತ್ರೆಯ ರೇಣುಕಮ್ಮನನ್ನು ಅರಿಯದ ಮನೆಯಿಲ್ಲ. ಅವಳು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನ ಡಿ ದರ್ಜೆಯ ನೌಕರಳು. ಬೆಳಿಗ್ಗೆ ಬಾಗಿಲು ತೆಗೆದು ಕಸ ಹೊಡೆಯುವುದು, ಔಷಧಿಯ ಪೆಟ್ಟಿಗೆ ಹೊರುವುದು, ಸೂಜಿ ಹಾಕುವಾಗ ದನದ ಮೂಗುದಾರ ಬಿಗಿಹಿಡಿದು ನಿಲ್ಲುವುದು ಅವಳ ಕೆಲಸ. ಆದರೆ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದುದು ಬೇರೊಂದಕ್ಕೆ. ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಾಗ ಒಳಗೆ ಕೈ ಹಾಕಿ ತಿರುಗಿಸಿ ತೆಗೆಯಬೇಕಲ್ಲ, ಅದಕ್ಕೆ ಸಣ್ಣ ಕೈ ಬೇಕು. ರೇಣುಕಮ್ಮನ ಕೈ ಹತ್ತು ವರ್ಷದ ಹುಡುಗಿಯ ಕೈಯಷ್ಟೇ ಇತ್ತು, ಬಲ ಮಾತ್ರ ಗಂಡಸಿನದು.

ಹುಟ್ಟಿದ್ದು ಹುಲಿಹೈದರದ ಕಡೆಯ ಕುರಿ ಸಾಕುವ ಮನೆಯಲ್ಲಿ. ಹೊಲದಲ್ಲಿ ಮೊಣಕಾಲುದ್ದ ನೀರು ನಿಂತಿರುವುದನ್ನು ಅವಳು ಮೊದಲು ನೋಡಿದ್ದು ಮದುವೆಯಾಗಿ ಭತ್ತದ ಸೀಮೆಗೆ ಬಂದ ಮೇಲೆ. ಗಂಡ ಶರಣಬಸವ ಇದೇ ಪಶು ಆಸ್ಪತ್ರೆಯಲ್ಲಿ ಇದೇ ನೌಕರಿ ಮಾಡುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಕಣ್ಣು ಹಳದಿಯಾದವು. ಒಂಬತ್ತನೆಯ ದಿನಕ್ಕೆ ತೀರಿಕೊಂಡ. ಕುಡಿದು ಲಿವರ್ ಸುಟ್ಟುಕೊಂಡ ಎಂದು ಊರು ತೀರ್ಮಾನಿಸಿತು. ಅವನು ಆಗೀಗ ಕುಡಿಯುತ್ತಿದ್ದುದು ನಿಜವಾದ್ದರಿಂದ ರೇಣುಕಮ್ಮನೂ ಅದನ್ನೇ ನಂಬಿದಳು. ನಂಬಿದ್ದರಿಂದ ಸಿಟ್ಟು ಬಂತು, ಸಿಟ್ಟು ಬಂದಿದ್ದರಿಂದ ಅಳು ಬೇಗ ನಿಂತಿತು. ಅತ್ತೆ ಕಸ್ತೂರೆಮ್ಮ ಮಾತ್ರ, "ನನ್ನ ಮಗ ಅಷ್ಟು ಕುಡೀತಿದ್ದಿಲ್ಲ," ಎನ್ನುವುದನ್ನು ಬಿಡಲಿಲ್ಲ. ಆ ಮಾತು ಬಂದಾಗಲೆಲ್ಲ ರೇಣುಕಮ್ಮ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಮಗಳು ಸುಕನ್ಯಾ ಆಗ ಹೈಸ್ಕೂಲು, ಈಗ ಗಂಗಾವತಿಯಲ್ಲಿ ಡಿಗ್ರಿ ಓದುತ್ತಾಳೆ. ಗಂಡನ ನೌಕರಿ ಅನುಕಂಪದ ಮೇಲೆ ಹೆಂಡತಿಗೆ ಬಂತು.

ಈ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಮಳೆ ಬಿಡದೆ ಹೊಡೆಯಿತು. ಡ್ಯಾಮಿನಿಂದ ಹೊಳೆಗೂ ನೀರು ಬಿಟ್ಟರು. ತಗ್ಗಿನ ಗದ್ದೆಗಳು ಬದು ಸಮೇತ ಮುಳುಗಿದವು. ಬದುವಿನ ಬಿಲಗಳಲ್ಲಿದ್ದ ಇಲಿ, ಹೆಗ್ಗಣಗಳೆಲ್ಲ ಊರೊಳಗೆ ಬಂದವು. ಗೋದಲಿಯಲ್ಲಿ ಹಗಲು ಹೊತ್ತೇ ಓಡಾಡುತ್ತಿದ್ದವು, ಮೇವಿನ ಬಣವೆಯ ಕೆಳಗೆ ಮರಿ ಹಾಕಿದ್ದವು. ಅದೇ ಹೊತ್ತಿಗೆ ಒಂದು ಓಣಿಯಲ್ಲಿ ಎರಡು ಎಮ್ಮೆಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಸತ್ತ ಕರುಗಳನ್ನು ಹೂಳಿ, ಯಾರದೋ ಕಣ್ಣು ಬಿದ್ದಿದೆ ಎಂದುಕೊಂಡು ಜನ ಸುಮ್ಮನಾದರು.

ಮೂರನೆಯದು ಮುದಿಯಪ್ಪನ ಎಮ್ಮೆ. ಅಂದು ಸೋಮವಾರ. ಡಾಕ್ಟರ್ ಶೈಲಶ್ರೀ ಮೀಟಿಂಗಿಗೆಂದು ಕೊಪ್ಪಳಕ್ಕೆ ಹೋಗಿದ್ದರು. ಮುದಿಯಪ್ಪನ ಮಗ ಹನುಮೇಶ, ಇಪ್ಪತ್ತಾರು ವರ್ಷದ ಗಟ್ಟಿ ಆಳು, ಬೈಕ್ ಓಡಿಸಿಕೊಂಡು ಬಂದ.

"ರೇಣುಕಕ್ಕ, ಎಮ್ಮಿ ನಸುಕಿನಿಂದ ತಿಣಕಾಕತ್ತೈತಿ. ಇನ್ನೂ ಎಂಟನೇ ತಿಂಗಳ. ಲಗೂನ ಬಾ."

ಕೊಟ್ಟಿಗೆಯಲ್ಲಿ ಕಾಲಿಟ್ಟರೆ ಪಾದ ಮುಳುಗುವಷ್ಟು ರಾಡಿ. ರೇಣುಕಮ್ಮ ಭುಜದ ತನಕ ಬರುವ ಉದ್ದನೆಯ ಪ್ಲಾಸ್ಟಿಕ್ ಗ್ಲೌಸ್ ಏರಿಸಿ ಕೈ ಹಾಕಿದಳು. ಒಳಗೆ ಜಾರಿಕೆ. ಗೊರಸು ಯಾವುದು, ಮೂತಿ ಯಾವುದು ತಿಳಿಯಲಿಲ್ಲ. ಇಂಥಾ ಹೊತ್ತಲ್ಲಿ ಅವಳು ಯಾವಾಗಲೂ ಮಾಡುತ್ತಿದ್ದುದನ್ನೇ ಆಗಲೂ ಮಾಡಿದಳು. ಗ್ಲೌಸ್ ಕಿತ್ತು ಬಿಸಾಕಿ ಬರಿಗೈ ಹಾಕಿದಳು. ಎರಡು ದಿನದ ಹಿಂದೆ ಮೇವು ಕೊಯ್ಯುವಾಗ ಕುಡಗೋಲು ತಾಗಿದ್ದ ಎಡಗೈ ಬೆರಳು ಚುರುಗುಟ್ಟಿತು.

"ಕರ ಸತ್ತೈತಿ ಕಾಕಾ," ಅಂದಳು ಮುದಿಯಪ್ಪನಿಗೆ. "ಎಮ್ಮಿನರ ಉಳಿಸೋಣು."

ಅರ್ಧ ಗಂಟೆ ಎಳೆದಾಡಿದ ಮೇಲೆ ಕರು ಬಂತು, ಜೊತೆಗೆ ಕೆಟ್ಟ ವಾಸನೆಯ ಕೆಂಪು ನೀರು ಬಳಬಳನೆ ಸುರಿಯಿತು. ಅವಳ ಮುಖಕ್ಕೂ ಸಿಡಿಯಿತು. ಬರಿಗಾಲಲ್ಲಿ ನಿಂತಿದ್ದ ಹನುಮೇಶ ಸತ್ತ ಕರುವನ್ನು ಎದೆಗವಚಿಕೊಂಡು ಹೊತ್ತೊಯ್ದು ಕಾಲುವೆ ದಂಡೆಯಲ್ಲಿ ಹೂತು ಬಂದ. ರೇಣುಕಮ್ಮ ಸೋಪು ಹಚ್ಚಿ ಕೈ ತೊಳೆದು, ಹನುಮೇಶನ ತಾಯಿ ಹುಲಿಗವ್ವ ಕೊಟ್ಟ ಚಹಾ ಕುಡಿದು ಮನೆಗೆ ಬಂದಳು.

ಮರುದಿನ ಶೈಲಶ್ರೀ ಮೇಡಂ ಕೇಳಿಸಿಕೊಂಡವರೇ ಹುಬ್ಬು ಗಂಟು ಹಾಕಿದರು. "ಒಂದ ಓಣ್ಯಾಗ ಮೂರು ಎಮ್ಮಿ ಕಂದು ಹಾಕ್ಯಾವಂದ್ರ ಇದು ಸುಮ್ಮನ ಅಲ್ಲ, ರೇಣುಕಮ್ಮ. ನೀವು ಗ್ಲೌಸ್ ಹಾಕ್ಕೊಂಡಿದ್ರಿಲ್ಲೋ?"

"ಹಾಕ್ಕೊಂಡಿದ್ದೆರಿ," ಅಂದಳು ರೇಣುಕಮ್ಮ. ಅದು ಪೂರ್ತಿ ಸುಳ್ಳೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮೇಡಂ ಮೂರೂ ಎಮ್ಮೆಗಳ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು.

ಮುಂದಿನ ವಾರ, ಗುರುವಾರ, ರೇಣುಕಮ್ಮ ಆ ಎಮ್ಮೆ ಮೇವು ತಿನ್ನುತ್ತಿದೆಯೋ ಇಲ್ಲವೋ ನೋಡಲು ಮುದಿಯಪ್ಪನ ಮನೆಗೆ ಹೋದಳು. ಪಡಸಾಲೆಯ ಮಂಚದ ಮೇಲೆ ಹನುಮೇಶ ಮಲಗಿದ್ದ. ಮುಖ ಗೋಡೆಯ ಕಡೆಗಿತ್ತು.

"ನಾಕು ದಿನ ಆತು ಜ್ವರ ಬಂದು," ಅಂದಳು ಹುಲಿಗವ್ವ. "ಊರಾಗಿನ ಡಾಕ್ಟರ್ ಎರಡು ಸೂಜಿ ಮಾಡಿದ್ರು. ಮೊನ್ನಿಯಿಂದ ಕಣ್ಣು ಹಳದಿ ಆಗ್ಯಾವು. ಕಾಮಣಿ ಅಂತ. ನಾಟಿ ಔಷಧ ತಂದು ಕುಡಸಾಕತ್ತೇವಿ. ಉಪ್ಪು, ಎಣ್ಣಿ ಕೊಡಬ್ಯಾಡ್ರಿ ಅಂದಾರ."

ರೇಣುಕಮ್ಮ ಮಂಚದ ತುದಿಗೆ ಕುಳಿತು ಅವನ ಕಾಲಿನ ಮೇಲೆ ಕೈ ಇಟ್ಟಳು. ಹನುಮೇಶ ನರಳಿ ಕಾಲೆಳೆದುಕೊಂಡ.

"ಮೀನಖಂಡ ಮುಟ್ಟಬ್ಯಾಡಕ್ಕ. ಕೊಯ್ದಂಗ ಆಗತೈತಿ."

ಅವಳ ಕೈ ಅಲ್ಲೇ ನಿಂತಿತು. ಈ ಮಾತನ್ನು ಅವಳು ಮೊದಲೇ ಕೇಳಿದ್ದಳು. ನಾಲ್ಕು ವರ್ಷದ ಹಿಂದೆ, ತನ್ನ ಮನೆಯ ಪಡಸಾಲೆಯಲ್ಲಿ ಶರಣಬಸವ ಇದನ್ನೇ ಹೇಳಿದ್ದ. ಕಾಲು ಒತ್ತಲು ಹೋದವಳ ಕೈ ತಳ್ಳಿ, ಮೀನಖಂಡ ಮುಟ್ಟಬೇಡ ಎಂದಿದ್ದ. ಹನುಮೇಶ ಮುಖ ತಿರುಗಿಸಿದ. ಕಣ್ಣಿನಲ್ಲಿ ಹಳದಿ ಇತ್ತು, ಹಳದಿಯ ಮೇಲೆ ಕೆಂಪು ಹರಡಿತ್ತು. ಗಂಡನ ಕಣ್ಣು ಹೀಗೆ ಕೆಂಪಾಗಿದ್ದಾಗ ಅವಳು, ಕುಡಿದವರ ಕಣ್ಣು ಹೀಗೇ ಇರುತ್ತವೆ ಅಂದುಕೊಂಡಿದ್ದಳು. ಆದರೆ ಹನುಮೇಶ ಕುಡಿಯುವವನಲ್ಲ. ಚಹಾ ಕೂಡ ಕುಡಿಯುವವನಲ್ಲ.

ಅಷ್ಟರಲ್ಲಿ ಫೋನ್ ಬಂತು. ಶೈಲಶ್ರೀ ಮೇಡಂ.

"ರೇಣುಕಮ್ಮ, ಎಮ್ಮಿ ರಿಪೋರ್ಟ್ ಬಂತು. ಇಲಿ ಜ್ವರ. ಲೆಪ್ಟೊಸ್ಪೈರೋಸಿಸ್ ಅಂತಾರಲ್ಲ, ಅದು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಇಲಿ ಉಚ್ಚಿಯಾಗ ಇರತೈತಿ. ನೀರು, ಮೇವಿನಿಂದ ದನಕ್ಕ ಬರತೈತಿ. ದನದ ಗಂಜಲ, ಕಂದು ಹಾಕಿದ ನೀರು ತಾಗಿದ್ರ ಮನಷ್ಯಾಗೂ ಬರತೈತಿ. ಚರ್ಮದ ಮ್ಯಾಲೆ ಸಣ್ಣ ಗಾಯ ಇದ್ರೂ ಸಾಕು. ಆ ಮೂರು ಮನಿಯಾಗ ಯಾರಿಗರ ಜ್ವರ ಐತೇನು ನೋಡ್ರಿ."

"ಹನುಮೇಶಗ ಐತ್ರಿ," ಅಂದಳು ರೇಣುಕಮ್ಮ. "ಕಣ್ಣು ಹಳದಿ ಆಗ್ಯಾವ್ರಿ."

"ಈಗಿಂದೀಗ ದವಾಖಾನಿಗೆ ಕಳಸ್ರಿ. ತಡಾ ಮಾಡಿದ್ರ ಕಿಡ್ನಿ ಹೋಗತಾವು. ಮತ್ತ ನಿಮಗ ಏನಿಲ್ಲಲ್ಲ? ಐದು ದಿನದಿಂದ ಎರಡು ವಾರದೊಳಗ ಯಾವಾಗರ ಬರಬಹುದು. ಗ್ಲೌಸ್ ಇದ್ದುವು ಅಂದ್ರಿ, ಛಲೋ ಆತು."

ರೇಣುಕಮ್ಮ ಫೋನ್ ಇಟ್ಟು, ಹನುಮೇಶನನ್ನು ಈಗಲೇ ದವಾಖಾನೆಗೆ ಒಯ್ಯಬೇಕು ಎಂದು ಹೇಳಿದಳು.

ಮುದಿಯಪ್ಪ ಒಪ್ಪಲಿಲ್ಲ. ಔಷಧ ಇನ್ನೂ ಮೂರು ದಿನ ಕುಡಿಯಬೇಕು, ನಡುವೆ ಬಿಟ್ಟರೆ ತಿರುಗಿ ಬೀಳುತ್ತದೆ ಅಂದ. ರೇಣುಕಮ್ಮ ಹುಲಿಗವ್ವನ ಕಡೆ ತಿರುಗಿದಳು.

"ಇವತ್ತು ಉಚ್ಚಿ ಹೋಗ್ಯಾನೇನವ್ವಾ?"

ಹುಲಿಗವ್ವ ನೆನಪು ಮಾಡಿಕೊಂಡಳು. "ಇವತ್ತಿಲ್ಲ. ನಿನ್ನಿ ಮಧ್ಯಾಹ್ನ ಹೋಗಿದ್ದ. ಒಂಚೂರು."

"ಕಾಕಾ, ನನ್ನ ಗಂಡನೂ ಹಿಂಗ ಮಲಗಿದ್ದ. ಐದು ದಿನ ನಾನೂ ಇದ ಔಷಧ ಕುಡಿಸಿದೆ. ಆಮ್ಯಾಲ ಏನಾತು ನೀವ ನೋಡೀರಿ."

ಮುದಿಯಪ್ಪ ಅವಳನ್ನು ನೋಡಿದ, ಮಗನನ್ನು ನೋಡಿದ, ಚಪ್ಪಲಿ ಮೆಟ್ಟಿಕೊಂಡ. ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಬಂತು.

ಸತ್ತ ಕರು ತೆಗೆದು ಅಂದಿಗೆ ಹತ್ತನೆಯ ದಿನ. ಹನ್ನೊಂದನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕುಳಿತಾಗ ರೇಣುಕಮ್ಮನಿಗೆ ಒಲೆಯ ಮುಂದೆಯೇ ಚಳಿಯಾಯಿತು.

ಮಳೆಗಾಲದ ಚಳಿ ಅಂದುಕೊಂಡಳು. ಸೆರಗು ಹೊದ್ದು ರೊಟ್ಟಿ ಮುಗಿಸಿದಳು, ಸುಕನ್ಯಾಳ ಡಬ್ಬಿ ಕಟ್ಟಿದಳು. ಮಗಳು ಬಸ್ಸಿಗೆ ಹೋಗುವ ತನಕ ಅವಳ ಮುಖಕ್ಕೆ ಮುಖ ಕೊಡಲಿಲ್ಲ. ಆಸ್ಪತ್ರೆಗೆ ಬಂದು ಬಾಗಿಲು ತೆಗೆದು, ಮೇಡಂ ಬರುವ ಮೊದಲು ಜ್ವರ ಅಳೆದುಕೊಳ್ಳೋಣವೆಂದು ಡ್ರಾಯರ್ ಎಳೆದಳು. ಅಲ್ಲಿದ್ದುದು ದನಗಳ ಥರ್ಮಾಮೀಟರ್. ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಮತ್ತೆ ಒಳಗಿಟ್ಟಳು. ಹೊರಗೆ ಯಾರದೋ ಬೈಕ್ ಇತ್ತು. ಅದರ ಕನ್ನಡಿಯಲ್ಲಿ ಕಣ್ಣು ನೋಡಿಕೊಂಡಳು. ಕೆಳರೆಪ್ಪೆ ಎಳೆದು ನೋಡಿದಳು. ಕೆಂಪಿದೆಯೆಂದರೆ ಇತ್ತು, ಒಲೆಯ ಹೊಗೆಗೆ ಯಾರ ಕಣ್ಣಾದರೂ ಅಷ್ಟು ಕೆಂಪಾಗುತ್ತದೆ. ಬಗ್ಗಿ ಮೀನಖಂಡ ಒತ್ತಿಕೊಂಡಳು. ನೋವಿರಲಿಲ್ಲ. ಕಸ ಹೊಡೆಯುತ್ತ ಮತ್ತೆ ಒತ್ತಿಕೊಂಡಳು, ನೀರು ತುಂಬುತ್ತ ಮತ್ತೆ. ಹತ್ತು ಗಂಟೆಯ ಹೊತ್ತಿಗೆ ಅಲ್ಲಿ ನೋಯುತ್ತಿತ್ತು. ರೋಗಕ್ಕೆ ನೋಯುತ್ತಿದೆಯೋ, ತಾನು ಒತ್ತಿ ಒತ್ತಿ ನೋಯಿಸಿಕೊಂಡಿದ್ದೋ ತಿಳಿಯದೆ ಹೋಯಿತು.

ಎಡಗೈ ಬೆರಳಿನ ಗಾಯ ಆಗಲೇ ಮಾಯ್ದಿತ್ತು. ಒಂದು ಬಿಳಿ ಗೆರೆ ಅಷ್ಟೇ. ರೋಗ ಈ ಬಾಗಿಲಿನಿಂದಲೇ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಕೂತಿದೆ ಎನ್ನಿಸಿ ಅವಳು ಆ ಬೆರಳನ್ನು ಮುಷ್ಟಿಯೊಳಗೆ ಮಡಚಿದಳು. ಗಂಡನಿಗೆ ಒಂಬತ್ತು ದಿನ. ಇವತ್ತು ಶುಕ್ರವಾರ. ಶನಿ, ರವಿ, ಸೋಮ ಎಂದು ಬೆರಳು ಮಡಚುತ್ತ ಹೋದವಳು ಒಂಬತ್ತಕ್ಕೆ ಬರುವ ಮೊದಲೇ ನಿಲ್ಲಿಸಿದಳು.

ಮಧ್ಯಾಹ್ನ ಒಂದು ಆಕಳಿಗೆ ಸೂಜಿ ಹಾಕುವಾಗ ಅವಳ ಕೈಯಿಂದ ಮೂಗುದಾರ ಜಾರಿತು. ಹಿಂದೆಂದೂ ಹಾಗಾಗಿರಲಿಲ್ಲ. ಶೈಲಶ್ರೀ ಮೇಡಂ ಸಿರಿಂಜ್ ಕೆಳಗಿಟ್ಟು ಅವಳ ಹಣೆ ಮುಟ್ಟಿದರು.

"ಯಾವಾಗಿನಿಂದ?"

"ಮುಂಜಾನಿಯಿಂದರಿ." ಆಮೇಲೆ ತಾನಾಗಿಯೇ ಹೇಳಿದಳು, "ಗ್ಲೌಸ್ ಅರ್ಧಕ್ಕ ತಗದಿದ್ದೆರಿ ಮೇಡಂ. ಬೆರಳಿಗೆ ಗಾಯ ಇತ್ತು."

ಮೇಡಂ ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಸ್ಕೂಟಿಯ ಕೀಲಿ ತೆಗೆದುಕೊಂಡು, "ನಡೀರಿ," ಅಂದರು.

ಗಂಗಾವತಿಯ ಆಸ್ಪತ್ರೆಯಲ್ಲಿ ಡಾಕ್ಟರ್ ದೇವೇಂದ್ರಪ್ಪ ರಕ್ತ ತೆಗೆಸಿದರು. ಸಂಜೆ ಬಂದ ವರದಿಯಲ್ಲಿ ಏನೂ ಇರಲಿಲ್ಲ. ರೇಣುಕಮ್ಮ ಕೈ ಮುಗಿದು ಮಂಚದಿಂದ ಇಳಿಯಲು ಹೋದಳು.

"ಮಲಗವ್ವಾ," ಅಂದರು ಅವರು. "ಇದು ಮೊದಲ ಐದಾರು ದಿನ ರಕ್ತದಾಗ ಸಿಗಂಗಿಲ್ಲ. ಸಿಗೋತನಕ ಕಾದು ಕುಂತ್ರ ನಿನ್ನ ಕಳಕೋತೀವಿ. ಔಷಧ ಇವತ್ತ ಸುರು ಮಾಡತೀನಿ."

ಸುಕನ್ಯಾ ಕಾಲೇಜಿನಿಂದ ಬ್ಯಾಗ್ ಸಮೇತ ಓಡಿ ಬಂದಳು. ನರ್ಸ್ ಅವಳ ಕೈಗೆ ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ ಒಂದನ್ನು ಕೊಟ್ಟು, ತಾಯಿಯ ಮೂತ್ರ ದಿನಕ್ಕೆ ಎಷ್ಟಾಗುತ್ತದೆ ಎಂದು ಅಳೆದು ಹೇಳಬೇಕು ಅಂದಳು.

ಮೊದಲ ದಿನ ಜಗ್ಗಿನ ನಡುವಿನ ಗೆರೆ ಮುಟ್ಟಿತು. ಎರಡನೆಯ ದಿನ ಅದಕ್ಕಿಂತ ಕೆಳಗೆ. ಈಗ ಮೀನಖಂಡ ಒತ್ತಿ ನೋಡುವ ಅಗತ್ಯವಿರಲಿಲ್ಲ, ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತಿತ್ತು. ಶರಣಬಸವ ಕೂಗಿದ್ದು ಇದಕ್ಕೇ ಎಂದು ಅವಳಿಗೆ ಆಗ ಪೂರ್ತಿ ತಿಳಿಯಿತು. ಕೂಗಿದಾಗ ತಾನು, ಕುಡಿಯುವಾಗ ಈ ನೋವು ನೆನಪಾಗಲಿಲ್ಲವೇ ಎಂದು ಕೇಳಿದ್ದಳು. ಆ ಮಾತು ಜ್ವರದ ನಡುವೆ ಮತ್ತೆ ಮತ್ತೆ ಎದ್ದು ಬರುತ್ತಿತ್ತು.

ಮೂರನೆಯ ದಿನ, ರವಿವಾರ, ಜಗ್ಗಿನಲ್ಲಿ ಬಿದ್ದದ್ದು ಒಂದು ಲೋಟದಷ್ಟು. ಚಹಾದ ಬಣ್ಣ. ಸುಕನ್ಯಾ ಅದನ್ನು ಬೆಳಕಿಗೆ ಹಿಡಿದು ನೋಡಿ, ಬೇಗ ಬೇಗ ನರ್ಸ್ ಕಡೆ ನಡೆದಳು. ಓಡಬಾರದೆಂದು ತಡೆದುಕೊಂಡು ನಡೆಯುತ್ತಿದ್ದುದು ತಾಯಿಗೆ ಕಾಣುತ್ತಿತ್ತು. ಅಂದು ಸಂಜೆ ಕಸ್ತೂರೆಮ್ಮ ಗಂಜಿ ತಂದಳು. ಅತ್ತೆ, ಮೊಮ್ಮಗಳು ಬಾಗಿಲ ಹೊರಗೆ ಏನೋ ಮಾತಾಡಿಕೊಂಡು ಒಳಗೆ ಬಂದರು.

"ಹನುಮೇಶ ಹೆಂಗದಾನ?" ಎಂದು ಕೇಳಿದಳು ರೇಣುಕಮ್ಮ. ಅವನನ್ನು ಆಗಲೇ ಕೊಪ್ಪಳಕ್ಕೆ ಸಾಗಿಸಿ ಡಯಾಲಿಸಿಸ್ ಮಾಡುತ್ತಿದ್ದರು.

"ಆರಾಮ ಅದಾನಂತ," ಅಂದಳು ಸುಕನ್ಯಾ. ಹಾಗನ್ನುತ್ತ ಗಂಜಿಯ ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಕಸ್ತೂರೆಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು.

ಹನುಮೇಶ ಉಳಿದಿಲ್ಲವೆಂದು ರೇಣುಕಮ್ಮನಿಗೆ ತಿಳಿಯಿತು. ಒಂದೇ ಕೊಟ್ಟಿಗೆ, ಒಂದೇ ಕರು, ಒಂದೇ ನೀರು. ತನಗಿಂತ ಹದಿನಾರು ವರ್ಷ ಚಿಕ್ಕವನು. ಅವನ ಎದೆಯೊಳಗೆ ರಕ್ತ ಸೋರಿತಂತೆ, ಉಸಿರಾಡಲು ಆಗಲಿಲ್ಲವಂತೆ ಎನ್ನುವುದು ಅವಳಿಗೆ ಗೊತ್ತಾದದ್ದು ಎಷ್ಟೋ ದಿನ ಬಿಟ್ಟು. ಆದರೆ ಅಂದಿನಿಂದಲೇ ಅವಳು ತನ್ನ ಪ್ರತಿ ಉಸಿರನ್ನು ಕೇಳಿಸಿಕೊಳ್ಳತೊಡಗಿದಳು. ಕೆಮ್ಮು ಬಂದರೆ ಸೆರಗಿಗೆ ಕೆಮ್ಮಿ, ಕೆಂಪಿದೆಯೇ ಎಂದು ನೋಡುತ್ತಿದ್ದಳು.

ಸಾಯುವ ಹೆದರಿಕೆ ಒಂದು ಕಡೆ ಇತ್ತು. ಅದಕ್ಕಿಂತ ದೊಡ್ಡದೊಂದು ಅವಳಿಗೆ ಹೊಳೆದದ್ದು ಮಗಳು ಗಂಜಿ ಕುಡಿಸುತ್ತಿದ್ದಾಗ. ಚಮಚ ಹಿಡಿದ ಸುಕನ್ಯಾಳ ಕೈ ನೋಡಿದಳು. ಅವೂ ಸಣ್ಣ ಕೈ. ತಾಯಿಯ ಕೈಯೇ. ತಾನು ಸತ್ತರೆ ಅನುಕಂಪದ ಮೇಲೆ ಈ ನೌಕರಿ ಮಗಳಿಗೆ ಬರುತ್ತದೆ. ಮನೆಯಲ್ಲಿ ಮುದುಕಿ, ಬೇರೆ ಆಧಾರವಿಲ್ಲ, ಬೇಡ ಎನ್ನಲಾಗದು. ಒಂದು ಮಳೆಗಾಲದಲ್ಲಿ ಯಾರೋ ಬೈಕ್ ಮೇಲೆ ಬಂದು, ಲಗೂನ ಬಾ ಎನ್ನುತ್ತಾರೆ. ಈ ಕೈಗಳು ಯಾವುದೋ ಎಮ್ಮೆಯ ಒಳಗೆ ಹೋಗುತ್ತವೆ. ಅಪ್ಪ, ಅವ್ವ, ಮಗಳು.

ಅವಳು ಚಮಚವನ್ನು ತಡೆದಳು. "ಸುಕನ್ಯಾ, ನನಗೇನರ ಆದ್ರ ಈ ನೌಕರಿ ನೀ ಹಿಡಿಬ್ಯಾಡ."

"ಸುಮ್ಮನ ಗಂಜಿ ಕುಡಿಯವ್ವ."

"ಹಿಡಿಯಂಗಿಲ್ಲ ಅನ್ನು."

ಸುಕನ್ಯಾ ಬಟ್ಟಲು ಕೆಳಗಿಟ್ಟಳು. ನಾಲ್ಕು ವರ್ಷದ ಹಿಂದೆ ಅಪ್ಪನ ಮಂಚದ ಪಕ್ಕ ನಿಂತಿದ್ದ ಹುಡುಗಿಯ ಮುಖವೇ ಒಂದು ಗಳಿಗೆ ಅಲ್ಲಿ ಕಂಡಿತು. "ಹಿಡಿಯಂಗಿಲ್ಲ," ಅಂದಳು. "ನೀ ಎದ್ದು ಮನಿಗೆ ಬಾ ಮೊದಲ."

ನಾಲ್ಕನೆಯ ದಿನವೂ ಜಗ್ ಹಾಗೆಯೇ ಇತ್ತು. ದೇವೇಂದ್ರಪ್ಪ ದಿನಕ್ಕೆ ಮೂರು ಸಲ ಬಂದು ನೋಡಿದರು. ನಾಳೆಗೆ ಹೀಗೇ ಇದ್ದರೆ ಕೊಪ್ಪಳಕ್ಕೆ ಕಳಿಸುತ್ತೇನೆ ಅಂದರು. ಕೊಪ್ಪಳ ಎಂದ ಕೂಡಲೇ ರೇಣುಕಮ್ಮನಿಗೆ ಹನುಮೇಶ ನೆನಪಾದ. ಐದನೆಯ ದಿನ ಬೆಳಿಗ್ಗೆ ಜಗ್ಗಿನಲ್ಲಿ ಎರಡು ಗೆರೆ ಏರಿತು. ಸುಕನ್ಯಾ ನಂಬದೆ ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಗ್ಗಿ ನೋಡಿದಳು. ಮಧ್ಯಾಹ್ನಕ್ಕೆ ಇನ್ನೂ ಎರಡು. ಏಳನೆಯ ದಿನ ಮತ್ತೊಮ್ಮೆ ತೆಗೆದ ರಕ್ತದಲ್ಲಿ ಇಲಿ ಜ್ವರವೆಂದು ಖಚಿತವಾಯಿತು. ಅಷ್ಟೊತ್ತಿಗೆ ಜ್ವರ ಇಳಿದಿತ್ತು.

ಮನೆಗೆ ಕಳಿಸುವ ದಿನ ಅವಳು ದೇವೇಂದ್ರಪ್ಪನವರನ್ನು ಕೇಳಿದಳು. "ಸಾಹೇಬ್ರ, ನನ್ನ ಗಂಡ ಇದ ನೌಕರಿ ಮಾಡತಿದ್ದ. ಜ್ವರ, ಕಾಮಣಿ, ಮೀನಖಂಡ ನೋವು, ಉಚ್ಚಿ ಬಂದ್. ಅವಗೂ ಇದ ಆಗಿತ್ತೇನ್ರಿ?"

"ಪರೀಕ್ಷಾ ಮಾಡಿಲ್ಲಂದ್ರ ಈಗ ಹೇಳಾಕ ಬರಂಗಿಲ್ಲವ್ವ. ಇರಬಹುದು." ಚೀಟಿ ಬರೆದು ಮುಗಿಸಿ, "ಭಾಳ ಮಟ್ಟಿಗೆ ಇರಬಹುದು," ಅಂದರು.

ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತ ಮೇಲೆ, ಕಸ್ತೂರೆಮ್ಮ ಅಕ್ಕಿ ಆರಿಸುತ್ತಿದ್ದಾಗ, ರೇಣುಕಮ್ಮ ಹೇಳಿದಳು. "ಅತ್ತಿ, ಅವ್ರು ಕುಡದು ಸತ್ತಿಲ್ಲ ಅನಸ್ತೈತಿ. ಇದ ಜ್ವರ ಇತ್ತು ಕಾಣತೈತಿ. ನಾನ ತಿಳಕೊಳ್ಳಲಿಲ್ಲ."

ಮುದುಕಿಯ ಕೈ ಮೊರದಲ್ಲಿ ನಿಂತಿತು. ಆಮೇಲೆ, "ನಾಕು ವರ್ಷ ಆತು," ಅಂದಳು. ಅಷ್ಟೇ. ಮತ್ತೆ ಅಕ್ಕಿ ಆರಿಸತೊಡಗಿದಳು, ಕಣ್ಣೀರು ಒರೆಸಿಕೊಳ್ಳಲಿಲ್ಲ.

ಒಂದು ತಿಂಗಳು ರಜೆ ಮುಗಿಸಿ ರೇಣುಕಮ್ಮ ಕೆಲಸಕ್ಕೆ ಹೋದಳು. ಅಷ್ಟರಲ್ಲಿ ಶೈಲಶ್ರೀ ಮೇಡಂ ಆ ಓಣಿಯ ದನಗಳಿಗೆಲ್ಲ ಔಷಧ ಶುರುಮಾಡಿದ್ದರು. ಆರೋಗ್ಯ ಇಲಾಖೆಯವರು ಮನೆಮನೆಗೆ ಗುಳಿಗೆ ಕೊಟ್ಟು, ಹಾಲು ಕುದಿಸಿಯೇ ಕುಡಿಯಿರಿ, ಗದ್ದೆಗೆ ಗಾಯದ ಕಾಲಲ್ಲಿ ಇಳಿಯಬೇಡಿ ಎಂದು ಹೇಳಿಹೋಗಿದ್ದರು. ಎರಡು ಮನೆಯವರು ರೇಣುಕಮ್ಮ ಬರುವುದು ಬೇಡ ಅಂದರು. ರೋಗ ಅವಳ ಕೈಯಿಂದಲೇ ಹರಡಿತೆಂದು ಯಾರೋ ಹೇಳಿದ್ದರು. ಅದು ಸುಳ್ಳೆಂದು ಮೇಡಂ ಎಷ್ಟು ಬಾರಿ ಹೇಳಿದರೂ, ರೇಣುಕಮ್ಮನಿಗೇ ತನ್ನ ಕೈ ನೋಡಿದರೆ ಅಂಜಿಕೆ.

ಮುದಿಯಪ್ಪ ಎಮ್ಮೆಯನ್ನು ಮಾರಲು ಹೊರಟಿದ್ದ. ರೋಗ ಬೇರೆ ಊರಿಗೆ ಹೋಗುತ್ತದೆಂದು ಮೇಡಂ ತಡೆದಿದ್ದರು. ಇನ್ನೊಂದು ಸೂಜಿ ಬಾಕಿ ಇತ್ತು. ರೇಣುಕಮ್ಮ ಗಮ್‌ಬೂಟು ಹಾಕಿಕೊಂಡು, ಒಂದರ ಮೇಲೊಂದು ಗ್ಲೌಸ್ ಏರಿಸಿಕೊಂಡು ಮೇಡಂ ಜೊತೆ ಆ ಕೊಟ್ಟಿಗೆಗೆ ಹೋದಳು. ರಾಡಿ ತೆಗೆದು ಸುಣ್ಣ ಹೊಡೆದಿದ್ದರು. ಹುಲಿಗವ್ವ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬರಲಿಲ್ಲ.

"ಇದನ್ನ ನೋಡಿದ್ರ ಹೊಟ್ಟಿ ಉರೀತೈತವ್ವ," ಅಂದಳು. "ಮ್ಯಾವು ಹಾಕ್ಲಿಲ್ಲಂದ್ರ ಒದರತೈತಿ. ಮತ್ತ ನಾನ ಹಾಕತೀನಿ."

ರೇಣುಕಮ್ಮ ಎಮ್ಮೆಯ ಹತ್ತಿರ ಹೋದಳು. ಮೂಗುದಾರಕ್ಕೆ ಕೈ ಚಾಚಿದಳು. ಅದೇ ಹೊತ್ತಿಗೆ ಎಮ್ಮೆ ಗಂಜಲ ಹೊಯ್ಯಿತು. ಹನಿಗಳು ನೆಲಕ್ಕೆ ಬಡಿದು ಸಿಡಿದವು. ರೇಣುಕಮ್ಮ ಗೋಡೆಗೆ ಆತು ನಿಂತಳು, ಉಸಿರು ಬಿಗಿಹಿಡಿದು. ಬಾಗಿಲಲ್ಲಿದ್ದ ಹುಲಿಗವ್ವನೂ ಸೆರಗು ಮೂಗಿಗೆ ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ನೆಲದ ಮೇಲಿನದು ಹರಿದು ಕಾಲುವೆಯಾಗಿ ಸುಣ್ಣದೊಳಗೆ ಇಂಗುವ ತನಕ ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಆಗತೈತೇನು?" ಎಂದು ಮೇಡಂ ಮೆಲ್ಲಗೆ ಕೇಳಿದರು.

"ಹಿಡೀತೀನ್ರಿ," ಅಂದು ರೇಣುಕಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಮೂಗುದಾರವನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿ ಬಿಗಿ ಹಿಡಿದಳು.